ಐದು ಬೀಚು, ಸೊನ್ನೆ ಊರು

ಬೆಂಗಳೂರಿನ ಯಾವ ಟ್ರೆಕ್ಕಿಂಗ್ ಕಂಪನಿಯ ಪಟ್ಟಿ ತೆಗೆದು ನೋಡಿದರೂ ಗೋಕರ್ಣ ಬೀಚ್ ಟ್ರೆಕ್ ಅದರಲ್ಲಿ ಇದ್ದೇ ಇರುತ್ತೆ. ವೇಳಾಪಟ್ಟಿಯೂ ಹೆಚ್ಚುಕಮ್ಮಿ ಒಂದೇ. ಶುಕ್ರವಾರ ರಾತ್ರಿ ಬಸ್ಸು. ಬೆಳಿಗ್ಗೆ 7ಕ್ಕೆ ಫ್ರೆಶ್ ಅಪ್, 8ಕ್ಕೆ ತಿಂಡಿ, 9ಕ್ಕೆ ಟ್ರೆಕ್ ಶುರು. ಬೇಲೆಕಾನ್ ಬೀಚ್, ಪ್ಯಾರಡೈಸ್ ಬೀಚ್, ಹಾಫ್ ಮೂನ್ ಬೀಚ್, ಓಂ ಬೀಚ್, ಕಡೆಗೆ ಕುಡ್ಲೆ ಬೀಚಿನಲ್ಲಿ ಸೂರ್ಯಾಸ್ತ. ಊಟ ಸೇರಿದೆ, ಟ್ರೆಕ್ ಲೀಡರ್ ಸೇರಿದ್ದಾರೆ, ವೈಯಕ್ತಿಕ ಖರ್ಚು ಸೇರಿಲ್ಲ.

ಸಿನಿಮಾ ನೋಡಿದರೆ ವಿಮರ್ಶೆ ಬರೀತೀವಿ. ಹೊಸ ಹೋಟೆಲಿನ ಬೆಣ್ಣೆ ದೋಸೆಗೂ ನಾಲ್ಕು ಪ್ಯಾರಾ ಬರೀತೀವಿ. ಎರಡು ರಾತ್ರಿ, ಒಂದು ಇಡೀ ಹಗಲು ಮತ್ತು ಮೂರೂವರೆ ಸಾವಿರ ರೂಪಾಯಿ ತೆಗೆದುಕೊಳ್ಳುವ ಈ ಪ್ರವಾಸಕ್ಕೆ ಮಾತ್ರ ಐದು ಸ್ಟಾರ್ ಒತ್ತಿ, 'ಲೀಡರ್ ತುಂಬಾ ಫ್ರೆಂಡ್ಲಿ' ಅಂತ ಬರೆದು ಮುಗಿಸ್ತೀವಿ. ಅದನ್ನೂ ಒಂದು ಕೃತಿ ಅಂತ ಓದಬಹುದು. ಅದಕ್ಕೆ ಆರಂಭ ಇದೆ, ಅಂತ್ಯ ಇದೆ, ಏನು ತೋರಿಸಬೇಕು ಏನು ಬಿಡಬೇಕು ಅನ್ನೋ ಆಯ್ಕೆ ಇದೆ. ಈ ಬರಹ ಆ ಆಯ್ಕೆಯ ಬಗ್ಗೆ. ಕಳೆದ ಚಳಿಗಾಲದಲ್ಲಿ ನಾನು ಹೋದ ಕಂಪನಿಯ ಹೆಸರು ಇಲ್ಲಿ ಬೇಡ. ಹೆಸರು ಬದಲಿಸಿದರೂ ಪ್ರವಾಸ ಬದಲಾಗಲ್ಲ.

ಮೊದಲು ಚೆನ್ನಾಗಿರೋದನ್ನು ಹೇಳಿಬಿಡ್ತೀನಿ. ವಾರವಿಡೀ ಕುರ್ಚಿಗೆ ಅಂಟಿಕೊಂಡಿರುವವರನ್ನು ಬಿಸಿಲಲ್ಲಿ ಹತ್ತು-ಹನ್ನೆರಡು ಕಿಲೋಮೀಟರ್ ನಡೆಸೋದು ಸಣ್ಣ ಕೆಲಸವಲ್ಲ. ನಮ್ಮ ಗುಂಪಿನ ಮೂವತ್ತು ಜನರಲ್ಲಿ ಏಳೆಂಟು ಹುಡುಗಿಯರು ಒಬ್ಬೊಬ್ಬರೇ ಬಂದಿದ್ದರು. ಒಂಟಿಯಾಗಿ ಆದ್ರೆ ಬರ್ತಿರ್ಲಿಲ್ಲ, ಗುಂಪು ಅಂತ ಮನೆಯಲ್ಲಿ ಒಪ್ಪಿದರು ಅಂತ ಅವರೇ ಹೇಳಿದರು. ಲೀಡರ್ ಹುಡುಗ ಹಿಂದೆ ಉಳಿದವರಿಗೆ ಕಾಯ್ತಿದ್ದ, ಬಿಸಾಡಿದ ಬಾಟಲಿ ಎತ್ತಿಕೊಳ್ತಿದ್ದ. ಹಾಫ್ ಮೂನ್‌ನಿಂದ ಓಂ ಕಡೆಗೆ ಗುಡ್ಡದ ಅಂಚಿನಲ್ಲಿ ಹೋಗುವ ಕಾಲುದಾರಿಯಂತೂ, ಎಡಕ್ಕೆ ಸಮುದ್ರ ಬಲಕ್ಕೆ ಕುರುಚಲು ಕಾಡು, ಯಾರು ಕರೆದುಕೊಂಡು ಹೋದರೂ ಚೆಂದವೇ.

ಹಾಗಾದರೆ ತಕರಾರು ಏನು? ಅದೇ ವೇಳಾಪಟ್ಟಿಯನ್ನು ಇನ್ನೊಮ್ಮೆ ಓದಿ. ಐದು ಬೀಚು ಇದೆ. ಊರು ಒಂದೂ ಇಲ್ಲ. ಗೋಕರ್ಣ ಅನ್ನೋ ಹೆಸರು ಕೂಡ ಬಸ್ಸು ನಿಲ್ಲುವ ಜಾಗವಾಗಿ ಮಾತ್ರ ಬರುತ್ತೆ.

ನಾವು ನಡೆದದ್ದು ಊರುಗಳ ನಡುವೆಯೇ. ಕುಮಟಾ ಕಡೆಯಿಂದ ಹೊರಟರೆ ಬಾಡ, ಆಮೇಲೆ ನದಿಯ ಹೆಸರನ್ನೇ ಇಟ್ಟುಕೊಂಡಿರುವ ಅಘನಾಶಿನಿ ಅನ್ನೋ ಹಳ್ಳಿ. ಅಲ್ಲಿ ನದಿ ದಾಟಿದರೆ ತದಡಿ, ಅದು ಮೀನುಗಾರಿಕೆ ಬಂದರು. ಅದರ ಪಕ್ಕ ಬೇಲೆಕಾನ್. ಅಲ್ಲಿಂದ ಗುಡ್ಡ ಹತ್ತಿ ಇಳಿದರೆ ವೇಳಾಪಟ್ಟಿಯ ಬೀಚುಗಳು. ಪ್ಯಾರಡೈಸ್, ಹಾಫ್ ಮೂನ್ ಅನ್ನೋ ಹೆಸರುಗಳು ಊರವರ ಬಾಯಲ್ಲಿ ಹುಟ್ಟಿದವಲ್ಲ ಅಂತ ಬೇರೆ ಹೇಳಬೇಕಿಲ್ಲ. ಹೊರಗಿನಿಂದ ಬಂದವರು ಹೆಸರಿಟ್ಟ ಜಾಗಗಳನ್ನು ಒಂದು ದಾರದಲ್ಲಿ ಪೋಣಿಸಿ, ಊರವರು ಹೆಸರಿಟ್ಟದ್ದನ್ನೆಲ್ಲ ನಡುವಿನ ಗಂಟು ಮಾಡಿದರೆ ಈ ಟ್ರೆಕ್ ಆಗುತ್ತೆ.

ಇದರಲ್ಲಿ ಅತಿ ದೊಡ್ಡ ನಷ್ಟ ಆಗಿರೋದು ಅಘನಾಶಿನಿ ದಾಟುವ ಜಾಗದಲ್ಲಿ. ಅಲ್ಲಿ ಜನ, ಬೈಕು, ಮೀನಿನ ಬುಟ್ಟಿ ಎಲ್ಲವನ್ನೂ ಒಟ್ಟಿಗೆ ಆಚೆ ದಡಕ್ಕೆ ಒಯ್ಯುವ ಬಾರ್ಜ್ ಇದೆ. ದಾಟೋದಕ್ಕೆ ಹಿಡಿಯೋದು ಕೆಲವೇ ನಿಮಿಷ. ನಮ್ಮ ಲೀಡರ್ ಅಲ್ಲಿ ಹೇಳಿದ್ದು ಎರಡೇ ಮಾತು: 'ಗೈಸ್, ಫೋಟೊ ತಗೊಳ್ಳಿ' ಮತ್ತು 'ಗೈಸ್, ಫೋನ್ ಹುಷಾರು'. ಮೂವತ್ತು ಜನರೂ ಫೋಟೊ ತೆಗೆದರು. ಫೋಟೊದ ಹಿನ್ನೆಲೆಯಲ್ಲಿ, ನದಿಯ ನಡುವೆ ಸೊಂಟದವರೆಗೆ ನೀರಲ್ಲಿ ನಿಂತ ಹೆಂಗಸರು ಸಣ್ಣಸಣ್ಣ ಚುಕ್ಕೆಗಳ ಹಾಗೆ ಕಾಣ್ತಾರೆ.

ಅವರು ಅಲ್ಲಿ ಬಳಚು ಹೆಕ್ತಾ ಇದ್ದರು. ಬಳಚು ಅಂದರೆ ಕೆಸರು-ಮರಳಿನಲ್ಲಿ ಹುದುಗಿರುವ ಚಿಪ್ಪಿನ ಜೀವಿ. ಕಾಲಲ್ಲಿ ತಡವಿ, ಕೈಯಲ್ಲಿ ಎತ್ತಬೇಕು. ಅಘನಾಶಿನಿ ಶಿರಸಿ ಬಳಿ ಹುಟ್ಟಿ, ಸಿದ್ದಾಪುರ ತಾಲ್ಲೂಕಿನಲ್ಲಿ ಉಂಚಳ್ಳಿ ಜಲಪಾತವಾಗಿ 116 ಮೀಟರ್ ಕೆಳಕ್ಕೆ ಧುಮುಕಿ, ಸುಮಾರು 120 ಕಿಲೋಮೀಟರ್ ಹರಿದು ಇಲ್ಲಿ ಕಡಲು ಸೇರುತ್ತೆ. ದಾರಿಯಲ್ಲಿ ಎಲ್ಲೂ ಅದಕ್ಕೆ ಅಣೆಕಟ್ಟು ಕಟ್ಟಿಲ್ಲ. ಪಕ್ಕದ ಶರಾವತಿ, ಕಾಳಿ ನದಿಗಳಿಗೆ ಆ ಭಾಗ್ಯ ಇಲ್ಲ. ಅಣೆಕಟ್ಟು ಇಲ್ಲದ್ದರಿಂದ ಘಟ್ಟದ ಸಿಹಿನೀರು, ಹೂಳು ಎಲ್ಲ ಋತುಮಾನಕ್ಕೆ ತಕ್ಕಂತೆ ಕೆಳಗೆ ಬರುತ್ತೆ, ಕಡಲಿನ ಉಪ್ಪುನೀರು ದಿನಕ್ಕೆ ಎರಡು ಸಲ ಮೇಲೆ ಬರುತ್ತೆ. ಎರಡೂ ಬೆರೆಯುವ ಈ ಅಳಿವೆಯಲ್ಲಿ ಬಳಚು, ಸಿಗಡಿ, ಏಡಿ, ಮೀನು ಬೆಳೆಯುತ್ತೆ. ಅಳಿವೆಯ ಅಂಚಿನ ಗಜನಿ ಗದ್ದೆಗಳಲ್ಲಿ ಕಗ್ಗ ಅನ್ನೋ ಭತ್ತ ಬೆಳೀತಾರೆ. ಉಪ್ಪುನೀರಿಗೂ ಹೆದರದ, ನೆರೆಯಲ್ಲಿ ಕೆಲವು ದಿನ ನಿಂತರೂ ಸಾಯದ ತಳಿ ಅದು. ಮಳೆಗಾಲದಲ್ಲಿ ಭತ್ತ, ಕೊಯ್ಲಾದ ಮೇಲೆ ಒಡ್ಡಿನ ಬಾಗಿಲು ತೆಗೆದು ಉಪ್ಪುನೀರು ಬಿಟ್ಟರೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. 2024ರಲ್ಲಿ ಈ ಅಳಿವೆಯನ್ನು ರಾಮ್ಸಾರ್ ಜೌಗು ಪ್ರದೇಶಗಳ ಪಟ್ಟಿಗೆ ಸೇರಿಸಿದರು. ಕರ್ನಾಟಕದಿಂದ ಅದಕ್ಕೂ ಮೊದಲು ಆ ಪಟ್ಟಿಯಲ್ಲಿ ಇದ್ದದ್ದು ರಂಗನತಿಟ್ಟು ಮಾತ್ರ.

ಇಷ್ಟನ್ನು ಹೇಳೋಕೆ ಬಾರ್ಜ್ ದಾಟುವ ಹೊತ್ತು ಸಾಕು. ಐದು ಬೀಚು ಇರುವ ಕರಾವಳಿಗಳು ಲೆಕ್ಕವಿಲ್ಲದಷ್ಟಿವೆ. ಅಣೆಕಟ್ಟಿಲ್ಲದ ನದಿಯ ಅಳಿವೆ ನಮ್ಮ ಕಡೆ ಎಷ್ಟಿವೆ ಹೇಳಿ?

ಬಾರ್ಜ್‌ನಲ್ಲಿ ನನ್ನ ಪಕ್ಕ ಖಾಲಿ ಬುಟ್ಟಿ ಹಿಡಿದ ಒಬ್ಬರು ನಿಂತಿದ್ದರು. ಎಷ್ಟು ಹೊತ್ತು ನೀರಲ್ಲಿ ಇರ್ತೀರಿ ಅಕ್ಕಾ ಅಂತ ಕೇಳಿದೆ. 'ನೀರು ಇಳ್ದಾಗ ಹೋಗೂದು, ಏರೂಕೆ ಶುರು ಆದ್ಮೇಲೆ ಬರೂದು' ಅಂದರು. ದಿನಾ ಇದೇ ಹೊತ್ತಿಗಾ ಅಂತ ಕೇಳಿದ್ದಕ್ಕೆ ನಕ್ಕರು. 'ನಾಳೆ ಇನ್ನೂ ಮುಕ್ಕಾಲು ತಾಸು ತಡ' ಅಂದರು.

ಆ ಮುಕ್ಕಾಲು ತಾಸಿನಲ್ಲಿ ಈ ಟ್ರೆಕ್ಕಿನ ಇನ್ನೊಂದು ದೋಷ ಅಡಗಿದೆ. ಚಂದ್ರನ ದೆಸೆಯಿಂದ ಉಬ್ಬರ-ಇಳಿತ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತೆ. ಏಳು ದಿನಕ್ಕೆ ಲೆಕ್ಕ ಹಾಕಿ: ಹತ್ತಿರ ಹತ್ತಿರ ಆರು ಗಂಟೆ. ಅಂದರೆ ಈ ಶನಿವಾರ ಬೆಳಿಗ್ಗೆ 10ಕ್ಕೆ ನೀರು ಪೂರ್ತಿ ಇಳಿದಿದ್ದರೆ, ಮುಂದಿನ ಶನಿವಾರ ಅದೇ ಹೊತ್ತಿಗೆ ಹೆಚ್ಚುಕಮ್ಮಿ ಪೂರ್ತಿ ಏರಿರುತ್ತೆ. ವೇಳಾಪಟ್ಟಿಯಲ್ಲಿ ಮಾತ್ರ ಎಲ್ಲ ಶನಿವಾರವೂ 9ಕ್ಕೇ ಟ್ರೆಕ್ ಶುರು. ಬೀಚಿನಿಂದ ಬೀಚಿಗೆ ಬಂಡೆಗಳ ಬುಡದಲ್ಲಿ ದಾಟುವ ಕಡೆ ಈ ವ್ಯತ್ಯಾಸ ಸಣ್ಣದಲ್ಲ. ನೀರು ಇಳಿದಾಗ ಆರಾಮಾಗಿ ನಡೆಯುವ ಜಾಗದಲ್ಲಿ, ನೀರು ಏರಿದಾಗ ಪಾಚಿಕಟ್ಟಿದ ಬಂಡೆ ಹಿಡಿದು, ಅಲೆಗೆ ಬೆನ್ನು ಕೊಟ್ಟು ಜಾರಬೇಕು. ನಮ್ಮ ಗುಂಪು ಅಂಥ ಒಂದು ತಿರುವಿನಲ್ಲಿ ನಲವತ್ತು ನಿಮಿಷ ಸಿಕ್ಕಿಹಾಕಿಕೊಂಡಿತು. ಒಬ್ಬರ ಮೊಣಕಾಲು ತರಚಿತು, ಒಬ್ಬರ ಫೋನು ನೀರಿಗೆ ಹೋಯಿತು. ಕೊನೆಗೆ ದೋಣಿ ಕರೆಸಿದರು, ತಲೆಗೆ ಇನ್ನೂರು ರೂಪಾಯಿ, ಅದು 'ವೈಯಕ್ತಿಕ ಖರ್ಚು'. ಅಡ್ವೆಂಚರ್ ಅಂದ್ರೆ ಇದೇ ಅಂತ ಲೀಡರ್ ಹುರಿದುಂಬಿಸಿದ. ಉಬ್ಬರ-ಇಳಿತದ ಪಟ್ಟಿ ಫೋನಿನಲ್ಲೇ ಪುಕ್ಕಟೆ ಸಿಗುತ್ತೆ. ಗೋಕರ್ಣದ ಕಡೆ ಪ್ರವಾಸಿಗರು ನೀರುಪಾಲಾದ ಸುದ್ದಿ ಆಗಾಗ ಓದ್ತಾನೇ ಇರ್ತೀವಿ. ಕಡಲ ದಂಡೆಯಲ್ಲಿ ನಡೆಸುವುದನ್ನೇ ಕಸುಬು ಮಾಡಿಕೊಂಡವರು ಕಡಲಿನ ಗಡಿಯಾರ ನೋಡದೆ ಸಮಯ ಅಚ್ಚು ಹಾಕೋದನ್ನು ಅಡ್ವೆಂಚರ್ ಅನ್ನೋಕೆ ನನಗೆ ಮನಸ್ಸಿಲ್ಲ.

ತಪ್ಪನ್ನು ಆ ಹುಡುಗನ ತಲೆಗೆ ಕಟ್ಟೋದು ಸುಲಭ. ಅವನೂ ವಾರದ ದಿನ ಐಟಿ ಕೆಲಸ ಮಾಡುವವನು. ಮಾತಿಗೆ ಎಳೆದಾಗ, ಇಲ್ಲಿಗೆ ಬರ್ತಿರೋದು ಇದು ನಾಲ್ಕನೇ ಸಲ ಅಂದ. ನಾಲ್ಕು ಸಲವೂ ಇದೇ ವೇಳಾಪಟ್ಟಿ. ದಾರಿ ತಪ್ಪದ ಹಾಗೆ ಕರೆದುಕೊಂಡು ಹೋಗೋದನ್ನು ಅವನಿಗೆ ಕಲಿಸಿದ್ದಾರೆ. ದಾರಿಯ ಬಗ್ಗೆ ಅವನಿಗೆ ಯಾರೂ ಏನೂ ಹೇಳಿಕೊಟ್ಟಿಲ್ಲ. ಅರ್ಧ ಬಸ್ಸು ಕನ್ನಡದವರೇ ತುಂಬಿದ್ದರೂ ಸೂಚನೆಯೆಲ್ಲ ಇಂಗ್ಲಿಷಿನಲ್ಲಿ. ಇದನ್ನು ಭಾಷಾಭಿಮಾನದ ದೂರು ಅಂತ ತಿಳೀಬೇಡಿ. ನೀರು ಯಾವಾಗ ಏರುತ್ತೆ ಅಂತ ನಿಖರವಾಗಿ ಗೊತ್ತಿದ್ದವರು ಬಾರ್ಜ್‌ನಲ್ಲೇ ಇದ್ದರು. ಅವರನ್ನು ಕೇಳಬೇಕಾದರೆ ಕನ್ನಡ ಬೇಕಿತ್ತು, ಅಷ್ಟೆ.

ಇನ್ನು ಇತಿಹಾಸ. ಜಾಹೀರಾತಿನಲ್ಲಿ 'ಐತಿಹಾಸಿಕ' ಅನ್ನೋ ಪದ ಬರುತ್ತೆ, ಅದರ ಅರ್ಥ ವಾಪಸ್ ಬರುವಾಗ ಮಿರ್ಜಾನ್ ಕೋಟೆಯಲ್ಲಿ ಅರ್ಧ ಗಂಟೆ ಫೋಟೊ. ಹಸಿರು ಹಾಸಿದ ಕಲ್ಲುಗೋಡೆ, ರೀಲ್ಸ್‌ಗೆ ಹೇಳಿ ಮಾಡಿಸಿದ ಜಾಗ. ಆ ಕೋಟೆ ಇರೋದೂ ಇದೇ ಅಘನಾಶಿನಿಯ ಮೇಲೆ, ನಾವು ಬೆಳಿಗ್ಗೆ ದಾಟಿದ ಅದೇ ನೀರಿನ ಒಳಭಾಗದಲ್ಲಿ. ಘಟ್ಟದ ಮೇಲಿನ ಕಾಳುಮೆಣಸು ಈ ನದಿಯ ದಾರಿಯಲ್ಲಿ ಹಡಗು ಸೇರುತ್ತಿತ್ತು. 16ನೇ ಶತಮಾನದಲ್ಲಿ ಈ ಸೀಮೆ ಆಳಿದ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತ ಕರೆದರು. ಬೆಳಿಗ್ಗೆ ದಾಟಿದ ನದಿ ಬೇರೆ, ಮಧ್ಯಾಹ್ನ ನೋಡಿದ ಕೋಟೆ ಬೇರೆ ಅಂತಲೇ ನಮ್ಮ ಬಸ್ಸಿನ ಬಹಳಷ್ಟು ಜನ ಅಂದುಕೊಂಡಿದ್ದರು. ಎರಡನ್ನೂ ಜೋಡಿಸುವ ಒಂದು ವಾಕ್ಯ ಯಾರೂ ಹೇಳಲಿಲ್ಲ.

ಕುಮಟಾದ್ದು ಇನ್ನೊಂದು ಕಥೆ. ಶಿರಸಿ ಮೇಲೆ ಬರುವ ಬಸ್ಸು ನಸುಕಿನಲ್ಲಿ ಇಳಿಯುವ ದೇವಿಮನೆ ಘಟ್ಟದಲ್ಲಿ ಒಂದು ಕಾಲಕ್ಕೆ ಹತ್ತಿ ಗಾಡಿಗಳು ಸಾಲುಗಟ್ಟಿ ಇಳೀತಿದ್ದವು. ಧಾರವಾಡ ಸೀಮೆಯ ಹತ್ತಿ ಕುಮಟಾ ಬಂದರಿಗೆ ಬಂದು ಮುಂಬಯಿಗೆ ಹೋಗ್ತಿತ್ತು. ಅಲ್ಲಿನ ಮಾರುಕಟ್ಟೆಯಲ್ಲಿ 'ಕುಮಟಾ' ಅನ್ನೋದೇ ಒಂದು ಜಾತಿಯ ಹತ್ತಿಯ ಹೆಸರಾಗಿತ್ತು. ಅಮೆರಿಕದ ಅಂತರ್ಯುದ್ಧದಿಂದ ಮ್ಯಾಂಚೆಸ್ಟರ್ ಗಿರಣಿಗಳಿಗೆ ಹತ್ತಿ ನಿಂತುಹೋದ ಹೊತ್ತಿನಲ್ಲೇ, 1862ರಲ್ಲಿ, ಉತ್ತರ ಕನ್ನಡವನ್ನು ಮದರಾಸು ಪ್ರಾಂತ್ಯದಿಂದ ಕಿತ್ತು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. ಒಂದೇ ಕರಾವಳಿ ಎರಡು ಪ್ರಾಂತ್ಯವಾದದ್ದರ ಹಿಂದೆ ಹತ್ತಿಯೂ ಇತ್ತು. 1880ರ ದಶಕದಲ್ಲಿ ಆ ಕಡೆ ರೈಲು ಬಂದು ಹತ್ತಿ ಮರ್ಮಗೋವೆಗೆ ತಿರುಗಿದ ಮೇಲೆ ಕುಮಟಾ ಬಂದರು ಸೊರಗಿತು.

ಗೋಕರ್ಣದ ಇನ್ನೊಂದು ಮಗ್ಗುಲಲ್ಲಿ ಸಾಣಿಕಟ್ಟಾ. ಶತಮಾನಗಳಿಂದ ಉಪ್ಪು ಬೆಳೆಯುವ ಜಾಗ. ಉಪ್ಪು ಬೆಳೆಯೋದು ಅಂತಲೇ ಹೇಳ್ತಾರೆ, ಭತ್ತದ ಹಾಗೆ. ಉಪ್ಪಿನ ಆಗರಗಳನ್ನು ಇವತ್ತಿಗೂ ಸಹಕಾರಿ ಸಂಘ ನಡೆಸುತ್ತೆ. ಇನ್ನೂ ಉತ್ತರಕ್ಕೆ ಹೋದರೆ ಅಂಕೋಲಾ, 1930ರ ಏಪ್ರಿಲ್ 13ರಂದು ಉಪ್ಪಿನ ಸತ್ಯಾಗ್ರಹ ನಡೆದ ಊರು. ಸಾಣಿಕಟ್ಟಾದ ಬಗಲಲ್ಲೇ ಹನೇಹಳ್ಳಿ. ಯಶವಂತ ಚಿತ್ತಾಲರು 1928ರಲ್ಲಿ ಹುಟ್ಟಿದ ಊರು. ಮುಂಬಯಿಯಲ್ಲಿ ಬದುಕಿಡೀ ಕಳೆದ ಚಿತ್ತಾಲರ ಕಥೆಗಳಲ್ಲಿ ಈ ಹನೇಹಳ್ಳಿ ಮತ್ತೆ ಮತ್ತೆ ಬರುತ್ತೆ. ಅವರ 'ಶಿಕಾರಿ' ಕಾದಂಬರಿ ಬಂದದ್ದು 1979ರಲ್ಲಿ. ಕಂಪನಿಯೊಂದರಲ್ಲಿ ದಿಢೀರನೆ ಸಸ್ಪೆಂಡ್ ಆದ ನಾಗಪ್ಪ, ಯಾರು ತನ್ನ ಬೆನ್ನಿಗೆ ಚೂರಿ ಹಾಕಿದರು ಅಂತ ತಿಳಿಯದೆ ಒದ್ದಾಡುವ ಕಥೆ. ಅಪ್ರೈಸಲ್, ಲೇಆಫ್, ಮ್ಯಾನೇಜರ್ ಅಂತ ರಾತ್ರಿಯಿಡೀ ಬಸ್ಸಿನಲ್ಲಿ ಮಾತಾಡಿಕೊಂಡು ಬಂದ ಮೂವತ್ತು ಜನ, ಆ ಭಯವನ್ನು ಕನ್ನಡದಲ್ಲಿ ಎಲ್ಲರಿಗಿಂತ ಆಳವಾಗಿ ಬರೆದವರ ಊರಿನಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಈಜಿ ವಾಪಸ್ ಹೋದರು. ಜಯಂತ ಕಾಯ್ಕಿಣಿ ಗೋಕರ್ಣದವರು ಅನ್ನೋದು ಮಾತ್ರ ಕೆಲವರಿಗೆ ಗೊತ್ತಿತ್ತು, ಅದೂ ಸಿನಿಮಾ ಹಾಡಿನಿಂದ.

'ನಾವು ರಿಲ್ಯಾಕ್ಸ್ ಆಗೋಕೆ ಬರೋದು, ಕ್ಲಾಸ್ ಕೇಳೋಕಲ್ಲ' ಅಂತ ನೀವು ಹೇಳಬಹುದು. ನಮ್ಮ ಗುಂಪಿನಲ್ಲೂ ಒಬ್ಬರು ಹೇಳಿದರು. ನ್ಯಾಯವಾದ ಮಾತು. ಸಮುದ್ರದಲ್ಲಿ ಕಾಲು ಬಿಟ್ಟು ಸುಮ್ಮನೆ ಕೂರುವ ಹಕ್ಕು ಎಲ್ಲರಿಗೂ ಇದೆ. ಹಾಗೆ ಕೂರೋಕೆ ಟ್ರೆಕ್ ಲೀಡರ್ ಬೇಡ, ವೇಳಾಪಟ್ಟಿ ಬೇಡ, ಗೋಕರ್ಣಕ್ಕೆ ಸರ್ಕಾರಿ ಬಸ್ಸೇ ಇದೆ. ಗೈಡ್ ಸಮೇತ ಅಂತ ದುಡ್ಡು ತಗೊಂಡ ಮೇಲೆ ಗೈಡ್ ಏನಾದರೂ ತೋರಿಸಲಿ ಅಂತ ಕೇಳೋದು ಅತಿಯಾಸೆ ಆಗಲ್ಲ.

ಇದರಲ್ಲಿ ಮನರಂಜನೆಗಿಂತ ದೊಡ್ಡ ವಿಷಯವೂ ಇದೆ. ಜಾಹೀರಾತುಗಳಲ್ಲಿ ಈ ದಂಡೆಗೆ ಹಚ್ಚುವ ವಿಶೇಷಣಗಳನ್ನು ಗಮನಿಸಿ: ವರ್ಜಿನ್ ಬೀಚ್, ಅನ್‌ಟಚ್ಡ್, ಹಿಡನ್. ಯಾರೂ ಮುಟ್ಟದ, ಯಾರಿಗೂ ಗೊತ್ತಿಲ್ಲದ ಜಾಗ ಅಂತ. ಬಲೆ ಒಣಗಿಸುವವರು, ದೋಣಿ ಎಳೆಯುವವರು, ಬಳಚು ಹೆಕ್ಕುವವರು, ಬೆಳಗಾಗುವ ಮೊದಲೇ ತರಕಾರಿ ಹೊತ್ತು ಗೋಕರ್ಣದ ಪೇಟೆಗೆ ಬರುವ ಹಾಲಕ್ಕಿ ಹೆಂಗಸರು, ಇವರ ಲೆಕ್ಕ ಆ ಪದಗಳಲ್ಲಿ ಇಲ್ಲ. ಜಾಹೀರಾತು ಬರೆದವರಿಗೆ ಕೆಟ್ಟ ಉದ್ದೇಶ ಇದೆ ಅಂತ ನಾನು ಹೇಳ್ತಿಲ್ಲ. ಆದರೆ ಜನ ಇರುವ ಜಾಗವನ್ನು ಖಾಲಿ ಅಂತ ಕರೆಯುವ ಅಭ್ಯಾಸ ಬೀಚಿಗೆ ನಿಲ್ಲಲ್ಲ. ಇದೇ ತದಡಿಯಲ್ಲಿ, ಈ ಶತಮಾನದ ಮೊದಲ ದಶಕದಲ್ಲಿ, 4000 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಬರೋದಿತ್ತು. ಸ್ಥಳೀಯರು, ವಿಜ್ಞಾನಿಗಳು, ಪರಿಸರದವರು ಪಟ್ಟು ಹಿಡಿದು ವಿರೋಧಿಸಿದ ಮೇಲೆ ಅದು ಕೈಬಿಟ್ಟುಹೋಯಿತು. ಆ ವಾದದಲ್ಲಿ ಊರವರ ಕಡೆಗಿದ್ದ ಬಲ ಯಾವುದು ಅಂದರೆ, ಈ ಅಳಿವೆ ಖಾಲಿ ಇಲ್ಲ, ಇಲ್ಲಿ ಎಷ್ಟು ಬಳಚು ಬೆಳೆಯುತ್ತೆ, ಎಷ್ಟು ಮನೆ ಅದರಿಂದ ಉಣ್ಣುತ್ತೆ ಅಂತ ಎಣಿಸಿ ತೋರಿಸಿದ ಲೆಕ್ಕ. ಪಕ್ಕದ ಹೊನ್ನಾವರದ ಕಾಸರಕೋಡ ಟೊಂಕದಲ್ಲಿ ಬಂದರು ಯೋಜನೆಯ ವಿರುದ್ಧ ಮೀನುಗಾರರು ವರ್ಷಗಟ್ಟಲೆ ಹೋರಾಡಿದ್ದಾರೆ. ಇಂಥ ಯೋಜನೆ ಮುಂದೆಯೂ ಬರ್ತಾನೇ ಇರುತ್ತೆ, ಬೇಕೋ ಬೇಡವೋ ಅನ್ನೋ ಚರ್ಚೆ ಬೆಂಗಳೂರಿನಲ್ಲೂ ನಡೆಯುತ್ತೆ. ಆಗ 'ನಾನು ಅಲ್ಲಿಗೆ ಹೋಗಿದ್ದೆ, ಚೆನ್ನಾಗಿದೆ, ಅಲ್ಲಿ ಯಾರೂ ಇಲ್ಲ' ಅನ್ನುವ ಸಾವಿರಾರು ಜನರನ್ನು ಈ ಬಸ್ಸುಗಳು ತಯಾರು ಮಾಡ್ತಿವೆ. ನನಗೆ ಭಯ ಇರೋದು ಅದರ ಬಗ್ಗೆ.

ಬೇರೆ ಥರವೂ ಇಂಥ ಪ್ರವಾಸ ಮಾಡಬಹುದು. ಇಟಲಿಗೆ ಹೋದವರು ಫ್ಲಾರೆನ್ಸ್‌ನಿಂದ ಚಿಂಕ್ವೆ ತೆರ್ರೆಗೆ ಒಂದು ದಿನದ ಟ್ರಿಪ್ ಮಾಡಿರ್ತೀರಿ. ಆ ಹೆಸರಿನ ಅರ್ಥವೇ ಐದು ಊರು. ಅಲ್ಲಿ ಎಷ್ಟೇ ಕೆಟ್ಟ ಗೈಡ್ ಆದರೂ ಮೊಂತೆರೊಸ್ಸೊ, ವೆರ್ನಾತ್ಸ, ಕೊರ್ನಿಲ್ಯ, ಮನರೋಲ, ರಿಯೊಮಜ್ಜೊರೆ ಅಂತ ಊರಿನ ಹೆಸರು ಹೇಳಲೇಬೇಕು, ಯಾಕಂದ್ರೆ ಮಾರ್ತಿರೋದೇ ಊರುಗಳನ್ನು. ಗಾರೆಯಿಲ್ಲದೆ ಕಲ್ಲು ಪೇರಿಸಿ ಕಟ್ಟಿದ ದ್ರಾಕ್ಷಿ ತೋಟಗಳ ಅಡ್ಡಗೋಡೆಗಳನ್ನು ತೋರಿಸಿ, ಇದನ್ನು ಕಟ್ಟಿದವರು ಇವರು ಅಂತ ಹೇಳಲೇಬೇಕು. 1997ರಲ್ಲಿ ಯುನೆಸ್ಕೊ ಗುರುತಿಸಿದ್ದು ಕಡಲನ್ನಲ್ಲ, ಜನ ದುಡಿದು ಮಾಡಿದ ಆ ಭೂದೃಶ್ಯವನ್ನು. ಕಡಲಂಚಿನ ಮುಖ್ಯ ದಾರಿಯಲ್ಲಿ ನಡೆಯೋಕೆ ಕಾರ್ಡ್ ಕೊಳ್ಳಬೇಕು, ಆ ದುಡ್ಡು ದಾರಿಯ ನಿರ್ವಹಣೆಗೂ ಹೋಗುತ್ತೆ. ಅಲ್ಲಿ ಜನಜಂಗುಳಿಯ ಸಂಕಟ ಬೇರೆ ಇದೆ, ಅದನ್ನು ಸ್ವರ್ಗ ಅಂತ ನಾನು ಹೇಳಲ್ಲ. ಆದರೆ ಬಂದವರಿಗೆ ಊರಿನಲ್ಲಿ ಜನ ಇದ್ದಾರೆ ಅನ್ನೋದಾದರೂ ಗೊತ್ತಾಗುತ್ತೆ.

ನಮ್ಮಲ್ಲಿ ಇದಕ್ಕೆ ದೊಡ್ಡ ಬದಲಾವಣೆ ಏನೂ ಬೇಕಿಲ್ಲ. ಐದು ಬೀಚಿನ ಬದಲು ಮೂರು ಸಾಕು. ಉಳಿದ ಎರಡು ಗಂಟೆಯನ್ನು ಅಘನಾಶಿನಿಯ ಎರಡು ದಡಗಳಿಗೆ ಕೊಡಿ. ಹೊರಡುವ ಹೊತ್ತನ್ನು ಆ ದಿನದ ಇಳಿತ ನೋಡಿ ನಿಗದಿ ಮಾಡಿ. ತದಡಿಯಿಂದಲೋ ಅಘನಾಶಿನಿಯಿಂದಲೋ ಊರಿನ ಒಬ್ಬರನ್ನು ಅರ್ಧ ದಿನಕ್ಕೆ ಜೊತೆಗೆ ಕರೆದುಕೊಳ್ಳಿ, ಅವರಿಗೆ ಸರಿಯಾದ ಸಂಬಳ ಕೊಡಿ. ಮೂವತ್ತು ಜನರಿಂದ ತಲೆಗೆ ನೂರು ರೂಪಾಯಿ ಹೆಚ್ಚು ತಗೊಂಡರೆ ಮೂರು ಸಾವಿರ ಆಗುತ್ತೆ. ಮಧ್ಯಾಹ್ನದ ಊಟ ನಮಗೆ ಸಿಕ್ಕಿದ್ದು ಹೊರಗಿನಿಂದ ಟೆಂಪೊದಲ್ಲಿ ಬಂದ ತಣ್ಣಗಿನ ಪಲಾವ್. ಅದರ ಬದಲು ಊರಿನ ಯಾವುದಾದರೂ ಖಾನಾವಳಿಯಲ್ಲಿ ಕುಚ್ಚಲಕ್ಕಿ ಅನ್ನ, ತಿನ್ನುವವರಿಗೆ ಮೀನುಸಾರು, ತಿನ್ನದವರಿಗೆ ತಂಬುಳಿ ಕೊಡಿಸಿದರೆ ಆ ದುಡ್ಡು ಅಲ್ಲೇ ಉಳಿಯುತ್ತೆ.

ಕಂಪನಿಗಳು ತಾವಾಗಿ ಇದನ್ನು ಮಾಡ್ತವೆ ಅಂತ ಕಾಯಬೇಕಿಲ್ಲ. ಮುಂದಿನ ಸಲ ಬುಕ್ ಮಾಡುವ ಮೊದಲು ಮೂರು ಪ್ರಶ್ನೆ ಕೇಳಿ. ಆ ದಿನ ಇಳಿತ ಎಷ್ಟು ಗಂಟೆಗೆ? ಜೊತೆಗೆ ಬರುವವರಲ್ಲಿ ಆ ಊರಿನವರು ಯಾರಾದರೂ ಇದ್ದಾರಾ? ದಾರಿಯಲ್ಲಿ ಸಿಗುವ ಊರುಗಳು ಯಾವುವು? ಮೊದಲನೆಯದಕ್ಕೆ ಉತ್ತರ ಬರದಿದ್ದರೆ ದುಡ್ಡು ಕಟ್ಟಬೇಡಿ, ಅದು ಜೀವದ ಪ್ರಶ್ನೆ. ಉಳಿದ ಎರಡಕ್ಕೆ ಉತ್ತರ ಬರದಿದ್ದರೂ ಹೋಗಿ ಬನ್ನಿ. ಬಾರ್ಜ್‌ನಲ್ಲಿ ಮಾತ್ರ ಫೋನು ಜೇಬಿಗೆ ಹಾಕಿ, ಪಕ್ಕದಲ್ಲಿ ನಿಂತವರನ್ನು ಮಾತಾಡಿಸಿ. ನಿಮಗೆ ಅವರ ಭಾಷೆ ಬರುತ್ತೆ. ವಾಪಸ್ ಬಂದ ಮೇಲೆ ವಿಮರ್ಶೆ ಬರೆಯುವಾಗ ಲೀಡರ್ ಫ್ರೆಂಡ್ಲಿ ಅನ್ನೋದರ ಜೊತೆಗೆ ಒಂದು ಊರಿನ ಹೆಸರನ್ನೂ ಬರೆಯಿರಿ.